ಗೋವಾದಲ್ಲಿ ನಿಮ್ಮ ಮೊದಲ ಟ್ರಯಾಥ್ಲಾನ್: ನೀವೂ ತಯಾರಾಗಿ, ಮನೆಯವರನ್ನೂ ತಯಾರು ಮಾಡಿ

ಟ್ರಯಾಥ್ಲಾನ್ ಅಂದರೆ ಈಜು, ಸೈಕಲ್, ಓಟ. ಮೂರೂ ಒಂದರ ಹಿಂದೆ ಒಂದು. ಬಟ್ಟೆ ಸರಿ ಮಾಡಿಕೊಳ್ಳುವಾಗಲೂ, ಶೂ ಹಾಕಿಕೊಳ್ಳುವಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ. 2019ರಲ್ಲಿ ಪಣಜಿಯ ಮಿರಾಮಾರ್ ಬೀಚಿನಲ್ಲಿ ಐರನ್‌ಮ್ಯಾನ್ 70.3 ಅನ್ನುವ ದೊಡ್ಡ ಟ್ರಯಾಥ್ಲಾನ್ ಸ್ಪರ್ಧೆ ಶುರುವಾದ ಮೇಲೆ ಈ ಆಟದ ಮಾತು ನಮ್ಮ ಮನೆಗಳಲ್ಲೂ ಕೇಳತೊಡಗಿತು. ವಾಸ್ಕೋ, ಮಡಗಾಂವ್, ಮಾಪ್ಸಾದಲ್ಲಿ ನೆಲೆ ನಿಂತ ಕನ್ನಡದ ಹುಡುಗರು ಹುಡುಗಿಯರು ಬೆಳಗಿನ ಜಾವ ಸೈಕಲ್ ಹತ್ತಿ ಹೊರಡುತ್ತಾರೆ. ಬೆಳಗಾವಿ, ಹುಬ್ಬಳ್ಳಿಯಿಂದ ಸ್ಪರ್ಧೆಗೆಂದೇ ಘಟ್ಟ ಇಳಿದು ಬರುವವರೂ ಇದ್ದಾರೆ.

ತರಬೇತಿ ಹೇಗೆ ಮಾಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ದಡದಲ್ಲಿ, ರಸ್ತೆ ಪಕ್ಕದಲ್ಲಿ ನಿಲ್ಲುವ ಅವ್ವ, ಅಪ್ಪ, ಅಕ್ಕ, ಗೆಳೆಯರು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಅವರು ಸುಮ್ನೆ ಬಂದು, ಬಿಸಿಲಲ್ಲಿ ಎರಡು ಗಂಟೆ ನಿಂತು, ನಿಮ್ಮನ್ನು ಒಂದು ಸಲವೂ ನೋಡದೆ ವಾಪಸ್ ಹೋಗುವುದುಂಟು. ಹಾಗೆ ಆಗಬಾರದು. ಅದಕ್ಕೇ ಈ ಬರಹದಲ್ಲಿ ಎರಡೂ ಕಡೆಯ ತಯಾರಿ ಇದೆ, ಓಡುವವರದ್ದೂ, ನಿಂತು ಕೂಗುವವರದ್ದೂ.

ಮೊದಲು ದೂರ ಆರಿಸಿ

ಸ್ಪ್ರಿಂಟ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಇದರ ಎರಡರಷ್ಟು: 1.5 ಕಿ.ಮೀ., 40 ಕಿ.ಮೀ., 10 ಕಿ.ಮೀ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಾಥ್ಲಾನ್ ಮೊದಲ ಸಲ ಸೇರಿದ್ದು ಈ ದೂರದಲ್ಲೇ. 70.3 ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು 70.3 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 113 ಕಿ.ಮೀ.

ಮೊದಲ ಸಲಕ್ಕೆ ಸ್ಪ್ರಿಂಟ್ ಸಾಕು. ಇದು ಕಡಿಮೆ ಅಂತ ಯಾರಾದರೂ ಅಂದರೆ ಕೇಳಬೇಡಿ. ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲ ಸಂಭಾಳಿಸಿಕೊಂಡು ಮೂರು ತಿಂಗಳಲ್ಲಿ ಗಟ್ಟಿಯಾಗಿ ತಯಾರಾಗಬಹುದಾದ ದೂರ ಇದು. ಮನೆಯವರಿಗೂ ಅನುಕೂಲ. ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಬಿಸಿಲು ಏರುವಷ್ಟರಲ್ಲಿ ಎಲ್ಲರೂ ನೆರಳಿಗೆ ಸೇರಬಹುದು.

ಈಜು ಬರುವುದೇ ಇಲ್ಲ ಅನ್ನುವವರಿಗೆ ರಿಲೇ ಇದೆ. ಅನೇಕ ಸ್ಪರ್ಧೆಗಳಲ್ಲಿ ಮೂರು ಜನ ಸೇರಿ ಒಂದು ತಂಡ ಮಾಡಬಹುದು. ಒಬ್ಬರು ಈಜಿ ಬಂದು ಕಾಲಿಗೆ ಕಟ್ಟಿದ ಟೈಮಿಂಗ್ ಚಿಪ್ (ಸಮಯ ದಾಖಲಿಸುವ ಪುಟ್ಟ ಸಾಧನ) ಬಿಚ್ಚಿ ಸೈಕಲ್‌ನವರಿಗೆ ಕೊಡಬೇಕು, ಅವರು ಮುಗಿಸಿ ಓಟದವರಿಗೆ. ತಂಗಿ ಈಜಿ, ಅಣ್ಣ ಸೈಕಲ್ ಹೊಡೆದು, ಭಾವ ಓಡಿದರೆ ಇಡೀ ಮನೆಯೇ ಸ್ಪರ್ಧೆಯಲ್ಲಿದ್ದ ಹಾಗೆ.

ಹೆಸರು ಕೊಡುವ ಮೊದಲು ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿ. ಬಿಪಿ, ಶುಗರ್, ಮನೆತನದಲ್ಲಿ ಹೃದಯದ ತೊಂದರೆ ಇದ್ದರಂತೂ ಇದನ್ನು ಬಿಡಲೇಬೇಡಿ.

12 ವಾರಗಳ ಲೆಕ್ಕ, ಮಳೆಗಾಲ ನೆನಪಿಟ್ಟುಕೊಂಡು

ಗೋವಾದ ದೊಡ್ಡ ಸ್ಪರ್ಧೆ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಅಂದರೆ ನಿಮ್ಮ ತರಬೇತಿ ಬೀಳುವುದು ಸರಿಯಾಗಿ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಸಮುದ್ರಕ್ಕೆ ಇಳಿಯಬಾರದು. ಅಲೆ ದೊಡ್ಡದು, ಒಳಸೆಳೆತ ಜೋರು, ಬೀಚುಗಳಲ್ಲಿ ಕೆಂಪು ಬಾವುಟ ಹಾರುತ್ತಿರುತ್ತದೆ. ಲೈಫ್‌ಗಾರ್ಡ್ ಇಳಿಯಬೇಡಿ ಅಂದರೆ ಇಳಿಯಬೇಡಿ. ಚೆನ್ನಾಗಿ ಈಜು ಬರುವವರಿಗೂ ಇದೇ ಮಾತು.

ಹಾಗಾಗಿ ಮೊದಲ ಎಂಟು ವಾರ ಈಜುಕೊಳವೇ ಗತಿ. ಪಣಜಿಯವರಿಗೆ ಕಾಂಪಾಲ್‌ನಲ್ಲಿ, ಮಾಪ್ಸಾದವರಿಗೆ ಪೆಡ್ಡೆಂ ಕ್ರೀಡಾ ಸಂಕೀರ್ಣದಲ್ಲಿ ಕೊಳ ಇದೆ. ಮಳೆ ನಿಂತು ಸಮುದ್ರ ಶಾಂತವಾದ ಮೇಲೆ, ಕೊನೆಯ ಮೂರ್ನಾಲ್ಕು ವಾರ ಉಪ್ಪುನೀರು.

ವಾರಕ್ಕೆ ಐದರಿಂದ ಏಳು ಗಂಟೆ ಸಿಕ್ಕರೆ ಸ್ಪ್ರಿಂಟ್‌ಗೆ ಧಾರಾಳ. ಎರಡು ಅಥವಾ ಮೂರು ದಿನ ಈಜು, ಎರಡು ದಿನ ಸೈಕಲ್, ಎರಡು ದಿನ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ. ಒಂದೇ ದಿನ ಎರಡು ಆಟ ಸೇರಿಸಿದರೆ ಈ ಲೆಕ್ಕ ಕೂರುತ್ತದೆ. ಮೊದಲ ನಾಲ್ಕು ವಾರ ನಿಧಾನ, ಮಾತಾಡುತ್ತಾ ಮಾಡಬಹುದಾದ ವೇಗ. ಮುಂದಿನ ನಾಲ್ಕು ವಾರ ದೂರ ಹೆಚ್ಚಿಸಿ. ಒಂಬತ್ತರಿಂದ ಹನ್ನೊಂದನೇ ವಾರದವರೆಗೆ ಸ್ಪರ್ಧೆಯ ವೇಗ, ಸಮುದ್ರದ ಈಜು, ಸೈಕಲ್ ಇಳಿದ ಕೂಡಲೇ ಓಟ. ಕೊನೆಯ ವಾರ ಅರ್ಧಕ್ಕಿಂತ ಕಡಿಮೆ ಮಾಡಿ. ಆ ವಾರ ಕಾಲು ಸುಮ್ಮನಿರುವುದಿಲ್ಲ, ತಯಾರಿ ಸಾಲದು ಅನಿಸುತ್ತದೆ. ಹೆಚ್ಚಿಗೆ ಏನೂ ಮಾಡಬೇಡಿ. ಆ ವಾರ ಹೊಸದಾಗಿ ಬಲ ಬರುವುದಿಲ್ಲ, ದಣಿವು ಮಾತ್ರ ಬರುತ್ತದೆ.

ಇಲ್ಲಿಂದಲೇ ಮನೆಯವರನ್ನು ಜೊತೆಗೆ ಕರೆದುಕೊಳ್ಳಿ. ತರಬೇತಿಯ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಭಾನುವಾರ ಬೆಳಿಗ್ಗೆ ನೀವು ಎಲ್ಲಿರುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ, ಯಾವ ಭಾನುವಾರ ಪೂರ್ತಿ ಮನೆಗೆ ಅನ್ನುವುದು ಎಲ್ಲರಿಗೂ ಗೊತ್ತಿರಲಿ. ಮೂರು ತಿಂಗಳು ನಿಮ್ಮ ಒದ್ದೆ ಬಟ್ಟೆ, ನಿಮ್ಮ ಹಸಿವು, ಒಂಬತ್ತು ಗಂಟೆಗೇ ಬರುವ ನಿಮ್ಮ ನಿದ್ದೆ, ಇವನ್ನೆಲ್ಲ ಸಹಿಸುವವರು ಅವರೇ ಅಲ್ವಾ.

ಈಜು: ಇದಕ್ಕೇ ಜಾಸ್ತಿ ಸಮಯ ಕೊಡಿ

ಹೊಸಬರಿಗೆ ಹೆದರಿಕೆ ಇರುವುದು ಇಲ್ಲೇ. ಸೈಕಲ್ ಸುಸ್ತಾದರೆ ನಿಲ್ಲಿಸಬಹುದು, ಓಟದಲ್ಲಿ ನಡೆಯಬಹುದು, ನೀರಲ್ಲಿ ಹಾಗಲ್ಲ ಅನ್ನುವ ಭಯ. ಅದಕ್ಕೆ ಔಷಧ ಅಭ್ಯಾಸ ಒಂದೇ.

25 ಮೀಟರ್ ಕೊಳದಲ್ಲಿ 750 ಮೀಟರ್ ಅಂದರೆ 30 ಸಲ ಈ ತುದಿಯಿಂದ ಆ ತುದಿ. ಸ್ಪರ್ಧೆಗೆ ಮೂರು ವಾರ ಇರುವಾಗ ಗೋಡೆ ಹಿಡಿದು ನಿಲ್ಲದೆ ಒಂದು ಕಿ.ಮೀ. ಈಜಲು ಬರಬೇಕು. ವೇಗ ಬೇಡ, ನಿಲ್ಲದೆ ಹೋಗುವುದು ಬೇಕು. ಉಸಿರನ್ನು ನೀರೊಳಗೆ ಪೂರ್ತಿ ಬಿಡುವುದನ್ನು ಕಲಿಯಿರಿ. ಹೊಸಬರು ಉಸಿರು ಹಿಡಿದುಕೊಂಡು ಈಜುತ್ತಾರೆ, ಮುಖ ಮೇಲೆತ್ತಿದಾಗ ಬಿಡುವುದು, ಎಳೆಯುವುದು ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಮೂರು ನಿಮಿಷಕ್ಕೆ ಏದುಸಿರು ಬರುತ್ತದೆ. ದಮ್ಮು ಕಡಿಮೆ ಅಂದುಕೊಳ್ಳುತ್ತಾರೆ. ಸಮಸ್ಯೆ ದಮ್ಮಿನದ್ದಲ್ಲ.

ಸಮುದ್ರದಲ್ಲಿ ಕೊಳದ ಹಾಗೆ ತಳದಲ್ಲಿ ಕಪ್ಪು ಗೆರೆ ಇಲ್ಲ. ಮಾಂಡೋವಿ ನದಿ ಸಮುದ್ರ ಸೇರುವ ಕಡೆ ನೀರು ಕದಡಿರುತ್ತದೆ, ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಆರರಿಂದ ಹತ್ತು ಕೈ ಬೀಸಿಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ತಲೆ ಎತ್ತಿ ಬೋಯ್ (ದಾರಿ ತೋರಿಸಲು ನೀರಲ್ಲಿ ತೇಲಿಬಿಟ್ಟ ಗುರುತು) ಎಲ್ಲಿದೆ ನೋಡಿ, ಕೂಡಲೇ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಳ್ಳಿ. ಇದನ್ನು ಕೊಳದಲ್ಲೇ ಕಲಿತು ಬನ್ನಿ.

ಗೋವಾದವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಬೀಚುಗಳು ಪಶ್ಚಿಮಕ್ಕೆ ಮುಖ ಮಾಡಿವೆ. ಬೆಳಿಗ್ಗೆ ಒಳಗೆ ಹೋಗುವಾಗ ಸೂರ್ಯ ಬೆನ್ನಿಗಿರುತ್ತಾನೆ, ಎಲ್ಲ ಚೆನ್ನಾಗಿ ಕಾಣುತ್ತದೆ. ತಿರುಗಿ ದಡಕ್ಕೆ ಬರುವಾಗ ನೇರ ಕಣ್ಣಿಗೆ ಹೊಡೆಯುತ್ತಾನೆ. ಬೋಯ್ ಕಾಣುವುದಿಲ್ಲ, ಈಜು ಮುಗಿಯುವಲ್ಲಿ ದಡದ ಮೇಲೆ ನಿಲ್ಲಿಸಿದ ಕಮಾನೂ ಕಾಣುವುದಿಲ್ಲ. ಅದಕ್ಕೆ ಕಪ್ಪು ಗಾಜಿನ ಗಾಗಲ್ಸ್ ಇರಲಿ. ಹಿಂದಿನ ದಿನವೇ ದಡದ ಹಿಂದೆ ಎತ್ತರಕ್ಕೆ ಕಾಣುವ ಒಂದು ಕಟ್ಟಡ ಅಥವಾ ಮರದ ಸಾಲನ್ನು ಗುರುತು ಮಾಡಿಟ್ಟುಕೊಳ್ಳಿ.

ಸಮುದ್ರಕ್ಕೆ ಒಬ್ಬರೇ ಹೋಗಬೇಡಿ. ಲೈಫ್‌ಗಾರ್ಡ್ ಇರುವ ಹೊತ್ತಲ್ಲಿ, ಗೊತ್ತಿರುವವರ ಜೊತೆ, ಸೊಂಟಕ್ಕೆ ಬಣ್ಣದ ತೇಲುಚೀಲ ಕಟ್ಟಿಕೊಂಡು, ದಡಕ್ಕೆ ಸಮಾನಾಂತರವಾಗಿ ಈಜಿ. ಜೆಲ್ಲಿ ಮೀನು ಮುಟ್ಟಿದರೆ ಉಜ್ಜಬೇಡಿ, ಸಮುದ್ರದ ನೀರಲ್ಲೇ ತೊಳೆದು ಲೈಫ್‌ಗಾರ್ಡ್ ಹತ್ತಿರ ಹೋಗಿ. ಇಲ್ಲಿನ ನೀರು ಬೆಚ್ಚಗಿರುತ್ತದೆ, ಮೈ ಬೆಚ್ಚಗಿಡುವ ರಬ್ಬರ್ ಉಡುಪು, ವೆಟ್‌ಸೂಟ್, ಬೇಕಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಕುತ್ತಿಗೆ, ಕಂಕುಳಿಗೆ ವ್ಯಾಸಲೀನ್ ಹಚ್ಚಿಕೊಳ್ಳಿ. ಉಪ್ಪುನೀರಲ್ಲಿ ಬಟ್ಟೆ ಉಜ್ಜಿ ಉರಿ ಏಳುತ್ತದೆ.

ಸ್ಪರ್ಧೆಯ ದಿನ ಎದೆ ಡವಡವ ಅಂದರೆ ಅಂಗಾತ ಮಲಗಿ ತೇಲಿ. ಉಪ್ಪುನೀರು ಎತ್ತಿ ಹಿಡಿಯುತ್ತದೆ. ಹತ್ತು ಉಸಿರು ನಿಧಾನವಾಗಿ ಬಿಡಿ. ಬ್ರೆಸ್ಟ್‌ಸ್ಟ್ರೋಕ್ ಮಾಡಬಹುದು, ನಿಯಮದಲ್ಲಿ ತಪ್ಪಿಲ್ಲ. ಕಾಯಕ್ ಅನ್ನುವ ಸಣ್ಣ ದೋಣಿ ಅಥವಾ ಬೋಯ್ ಹಿಡಿದು ಸುಧಾರಿಸಿಕೊಳ್ಳಬಹುದು, ಅದನ್ನು ಹಿಡಿದುಕೊಂಡು ಮುಂದೆ ಸಾಗಬಾರದು ಅಷ್ಟೇ.

ಸೈಕಲ್

ಹೊಸ ಸೈಕಲ್ ಬೇಕೇ ಬೇಕು ಅಂತಿಲ್ಲ. ಬ್ರೇಕ್ ಸರಿಯಿರುವ, ಗೇರ್ ಸರಾಗವಾಗಿ ಬೀಳುವ ಹೈಬ್ರಿಡ್ ಸೈಕಲ್ ಇದ್ದರೂ 20 ಕಿ.ಮೀ. ಆರಾಮಾಗಿ ಮುಗಿಯುತ್ತದೆ. ಹ್ಯಾಂಡಲ್ ತುದಿಗಳಿಗೆ ಬಿರಡೆ ಇರಲೇಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ತಡೆಯುತ್ತಾರೆ. ದುಡ್ಡು ಇದ್ದರೆ ಮೊದಲು ಒಳ್ಳೆ ಹೆಲ್ಮೆಟ್‌ಗೆ ಹಾಕಿ.

ಅಭ್ಯಾಸಕ್ಕೆ ಪಣಜಿಯಿಂದ ರಿಬಂದರ್ ಮೇಲೆ ಹಳೆ ಗೋವಾಕ್ಕೆ ಹೋಗುವ ರಸ್ತೆ ನನಗೆ ತುಂಬಾ ಇಷ್ಟ. ಪಕ್ಕದಲ್ಲೇ ಮಾಂಡೋವಿ, ಇನ್ನೊಂದು ಕಡೆ ಉಪ್ಪಿನ ಗದ್ದೆ, ರಸ್ತೆ ಸಮತಟ್ಟು. ಅಲ್ಲಿಂದ ಫೆರ್ರಿ ಹತ್ತಿ ದಿವಾರ್ ದ್ವೀಪಕ್ಕೆ ದಾಟಿದರೆ ಬೆಳಿಗ್ಗೆ ವಾಹನಗಳೇ ಕಡಿಮೆ. ಏರು ಬೇಕಂದರೆ ಗೋವಾ ವಿಶ್ವವಿದ್ಯಾಲಯದ ಕಡೆ ತಾಳಗಾಂವ್ ಗುಡ್ಡ ಇದೆ. ಏನೇ ಆದರೂ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಆಮೇಲೆ ಪ್ರವಾಸಿಗರ ಬಾಡಿಗೆ ಗಾಡಿಗಳು ಶುರುವಾಗುತ್ತವೆ, ದಾರಿ ಗೊತ್ತಿಲ್ಲದೆ ಮೊಬೈಲ್ ನೋಡುತ್ತಾ ಓಡಿಸುತ್ತಿರುತ್ತಾರೆ.

ಮಳೆ ಬಿದ್ದ ರಸ್ತೆಯಲ್ಲಿ ತಿರುವಿಗೆ ಮೊದಲೇ ಬ್ರೇಕ್ ಹಿಡಿಯಿರಿ, ತಿರುವಿನ ಮಧ್ಯದಲ್ಲಿ ಬೇಡ. ಒಂದು ಕೈಯಲ್ಲಿ ಬಾಟಲಿ ತೆಗೆದು ಕುಡಿದು ವಾಪಸ್ ಇಡುವುದನ್ನು ಕಲಿಯಿರಿ. ಟ್ಯೂಬ್ ಬದಲಿಸುವುದನ್ನು ಮನೆಯಲ್ಲಿ ಕೂತು ಒಂದೆರಡು ಸಲ ಮಾಡಿ ನೋಡಿ. ಸ್ಪರ್ಧೆಯಲ್ಲಿ ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು, ಗೆಳೆಯ ಬಂದು ಹಾಕಿಕೊಡುವ ಹಾಗಿಲ್ಲ.

ಮುಂದಿನ ಸೈಕಲ್ಲಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದನ್ನು ಡ್ರಾಫ್ಟಿಂಗ್ ಅನ್ನುತ್ತಾರೆ. ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ಅವಕಾಶ ಇಲ್ಲ. ಐರನ್‌ಮ್ಯಾನ್‌ನಲ್ಲಿ 12 ಮೀಟರ್ ಅಂತರ ಬಿಡಬೇಕು. ನಿಮ್ಮ ಸ್ಪರ್ಧೆಯ ಅಂತರ ಎಷ್ಟು ಅಂತ ಆಯೋಜಕರು ಕೊಡುವ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಸೈಕಲ್ ಇಳಿದ ಮೇಲಿನ ಓಟ

ಸೈಕಲ್ ಇಳಿದು ಓಡಲು ಹೋದರೆ ಕಾಲು ನಿಮ್ಮದೇ ಅಲ್ಲ ಅನಿಸುತ್ತದೆ. ತೊಡೆ ಮರದ ತುಂಡಿನ ಹಾಗೆ. ಇದು ಎಲ್ಲರಿಗೂ ಆಗುತ್ತದೆ. ವಾರಕ್ಕೊಮ್ಮೆ ಸೈಕಲ್ ಮುಗಿಸಿದ ಕೂಡಲೇ ಶೂ ಬದಲಿಸಿ ಹತ್ತು ಹದಿನೈದು ನಿಮಿಷ ಓಡಿ. ಮೂರ್ನಾಲ್ಕು ವಾರದಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಮೊದಲ ಒಂದು ಕಿ.ಮೀ. ಬೇಕಂತಲೇ ನಿಧಾನ, ಪುಟ್ಟ ಪುಟ್ಟ ಹೆಜ್ಜೆ.

ದೊಡ್ಡ ಶತ್ರು ಸೆಕೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತಂಪು ಗಾಳಿಯಲ್ಲಿ ಓಡಿ ಅಭ್ಯಾಸ ಇರುವವರು ಪಣಜಿಯಲ್ಲಿ ಅದೇ ವೇಗ ಹಿಡಿದರೆ ಮೂರನೇ ಕಿ.ಮೀ.ಗೆ ಬೀಳುತ್ತಾರೆ. ಇಲ್ಲಿ ಬೆವರು ಆರುವುದೇ ಇಲ್ಲ, ಮೈ ತಂಪಾಗುವುದಿಲ್ಲ. ದೇಹ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟು ದಿನ ಮೊದಲೇ ಬಂದು ಇರಲು ಆಗದಿದ್ದರೆ ಊರಲ್ಲೇ ಕೊನೆಯ ಎರಡು ವಾರ ಮಧ್ಯಾಹ್ನದ ಹೊತ್ತು ಸ್ವಲ್ಪ ಸ್ವಲ್ಪ ಓಡಿ, ನೀರು ಜೊತೆಗಿಟ್ಟುಕೊಂಡು. ಸ್ಪರ್ಧೆಯಲ್ಲಿ ನೀರಿನ ಮೇಜು ಸಿಕ್ಕಲ್ಲೆಲ್ಲ ಒಂದು ಲೋಟ ಕುಡಿಯಿರಿ, ಇನ್ನೊಂದನ್ನು ತಲೆ, ಕುತ್ತಿಗೆ ಮೇಲೆ ಸುರಿದುಕೊಳ್ಳಿ.

ಟ್ರಾನ್ಸಿಷನ್: ಒಂದು ಟವೆಲ್ ಅಗಲದ ಜಾಗ

ಒಂದು ಆಟದಿಂದ ಇನ್ನೊಂದಕ್ಕೆ ಬದಲಾಗುವ, ಸೈಕಲ್‌ಗಳನ್ನು ಸಾಲಾಗಿ ತೂಗುಹಾಕುವ ಜಾಗ ಇದು. ನಿಮಗೆ ಸಿಗುವುದು ನಿಮ್ಮ ಸ್ಪರ್ಧೆಯ ನಂಬರಿನ ಕೆಳಗೆ ಒಂದು ಟವೆಲ್ ಹಾಸುವಷ್ಟು ನೆಲ. ಟವೆಲ್ ಮೇಲೆ ಮುಂದಿನ ಸಾಲಿನಲ್ಲಿ ಸೈಕಲ್‌ಗೆ ಬೇಕಾದದ್ದು, ಹಿಂದಿನ ಸಾಲಿನಲ್ಲಿ ಓಟಕ್ಕೆ ಬೇಕಾದದ್ದು. ಹೆಲ್ಮೆಟ್ ತಲೆಕೆಳಗಾಗಿ ಹ್ಯಾಂಡಲ್ ಮೇಲೆ, ಪಟ್ಟಿ ಎರಡೂ ಕಡೆ ಬಿಚ್ಚಿ ಇಳಿಬಿಟ್ಟಿರಲಿ, ಒಳಗೆ ತಂಪು ಕನ್ನಡಕ. ಸಾಕ್ಸನ್ನು ಅರ್ಧ ಮಡಚಿ ಬಾಯಿ ಅಗಲ ಮಾಡಿ ಶೂ ಮೇಲೆ ಇಡಿ. ಒದ್ದೆ ಕಾಲಿಗೆ ಸಾಕ್ಸ್ ಏರುವುದಿಲ್ಲ, ಮಡಚಿಟ್ಟರೆ ಬೆರಳಿಂದ ಹಿಮ್ಮಡಿಗೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಮರಳು ತೊಳೆಯಲು ಒಂದು ಸಣ್ಣ ಬಾಟಲಿ ನೀರು. ನಂಬರ್ ಹಾಳೆಯನ್ನು, ಅಂದರೆ ಬಿಬ್ ಅನ್ನು, ಎಲಾಸ್ಟಿಕ್ ಬೆಲ್ಟಿಗೆ ಸಿಕ್ಕಿಸಿಡಿ. ಸೈಕಲ್ ಮೇಲೆ ನಂಬರ್ ಬೆನ್ನಿಗೆ, ಓಟದಲ್ಲಿ ಎದುರಿಗೆ.

ಟೈಮಿಂಗ್ ಚಿಪ್ಪನ್ನು ಎಡಗಾಲಿಗೆ ಕಟ್ಟಿ. ಸೈಕಲ್ ಚೈನ್ ಬಲಗಡೆ ಇರುತ್ತದೆ, ಅಲ್ಲಿ ಕಟ್ಟಿದರೆ ಸಿಕ್ಕಿಹಾಕಿಕೊಳ್ಳಬಹುದು. ಮರೆಯಬಾರದ ನಿಯಮ ಒಂದಿದೆ: ಮೊದಲು ಹೆಲ್ಮೆಟ್ ಪಟ್ಟಿ ಟಕ್ಕಂತ ಹಾಕಿ, ಆಮೇಲೆ ಸೈಕಲ್ ಮುಟ್ಟಿ. ವಾಪಸ್ ಬಂದಾಗ ಮೊದಲು ಸೈಕಲ್ ತೂಗುಹಾಕಿ, ಆಮೇಲೆ ಪಟ್ಟಿ ಬಿಚ್ಚಿ. ನೆಲದ ಮೇಲೆ ಗೆರೆ ಎಳೆದಿರುತ್ತಾರೆ. ಆ ಗೆರೆ ದಾಟಿದ ಮೇಲೇ ಸೈಕಲ್ ಹತ್ತಬೇಕು, ಬರುವಾಗ ಗೆರೆಗೆ ಮೊದಲೇ ಇಳಿಯಬೇಕು.

ಇದನ್ನು ಮನೆ ಮುಂದಿನ ಅಂಗಳದಲ್ಲಿ ಅಭ್ಯಾಸ ಮಾಡಿ. ಮಕ್ಕಳ ಕೈಗೆ ಸ್ಟಾಪ್‌ವಾಚ್ ಕೊಡಿ. ಅವರಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ, "ಅಪ್ಪಾ, ಇವತ್ತು ಎರಡು ಸೆಕೆಂಡ್ ಜಾಸ್ತಿ ಆಯ್ತು" ಅಂತ ಕಟ್ಟುನಿಟ್ಟಾಗಿ ಹೇಳುತ್ತಾರೆ. ಸ್ಪರ್ಧೆಯ ದಿನ ನೀವು ಏನು ಮಾಡುತ್ತಿದ್ದೀರಿ ಅಂತ ಅವರಿಗೂ ಅರ್ಥವಾಗುತ್ತದೆ.

ಮನೆಯವರ ನಕ್ಷೆ

ಈಗ ಮುಖ್ಯ ಕೆಲಸ. ಸ್ಪರ್ಧೆಗೆ ಒಂದು ವಾರ ಮೊದಲು ಕೋರ್ಸ್ ನಕ್ಷೆ ಬರುತ್ತದೆ. ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಎಲ್ಲರನ್ನೂ ಕೂರಿಸಿಕೊಂಡು ಸಮಯ ಬರೆಯಿರಿ. ಉದಾಹರಣೆಗೆ ಏಳು ಗಂಟೆಗೆ ನೀರಿಗಿಳಿದರೆ, ಈಜು 20 ನಿಮಿಷ, 7.20ಕ್ಕೆ ದಡ. ಬಟ್ಟೆಬರೆ ಐದು ನಿಮಿಷ, 7.25ಕ್ಕೆ ಸೈಕಲ್. ಗಂಟೆಗೆ 24 ಕಿ.ಮೀ. ವೇಗದಲ್ಲಿ 20 ಕಿ.ಮೀ.ಗೆ 50 ನಿಮಿಷ, 8.15ಕ್ಕೆ ವಾಪಸ್. 8.20ರಿಂದ ಓಟ, ಒಂಬತ್ತರ ಹೊತ್ತಿಗೆ ಮುಕ್ತಾಯ. ಪ್ರತಿಯೊಂದಕ್ಕೂ ಐದರಿಂದ ಹತ್ತು ನಿಮಿಷ ಹಿಂದೆಮುಂದೆ ಇಟ್ಟುಕೊಳ್ಳಿ. ಗುಂಪು ಗುಂಪಾಗಿ ನೀರಿಗೆ ಬಿಡುವುದಾದರೆ ನಿಮ್ಮ ಗುಂಪು ಯಾವುದು, ಕ್ಯಾಪ್ ಬಣ್ಣ ಯಾವುದು ಅಂತ ಬರೆದುಕೊಡಿ. ಈಜುವಾಗ ಎಲ್ಲರೂ ಒಂದೇ ಥರ ಕಾಣುತ್ತಾರೆ, ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ.

ನಿಗದಿಯಾದ ಸಮಯ ದಾಟಿ ಅರ್ಧ ಗಂಟೆ ಆದರೂ ನೀವು ಕಾಣಲಿಲ್ಲ ಅಂದರೆ ಏನು ಮಾಡಬೇಕು ಅಂತಲೂ ಹೇಳಿಡಿ. ಪಂಕ್ಚರ್ ಆಗಿರಬಹುದು, ನಡೆದುಕೊಂಡು ಬರುತ್ತಿರಬಹುದು. ಅಳುತ್ತಾ ಕೂರುವ ಬದಲು ಆಯೋಜಕರ ಮಾಹಿತಿ ಮೇಜಿಗೆ ಹೋಗಿ ನಿಮ್ಮ ನಂಬರ್ ಹೇಳಿ ಕೇಳಲಿ. ನಿಮ್ಮ ಸ್ಪರ್ಧೆಯ ನಂಬರ್ ಎಲ್ಲರ ಮೊಬೈಲ್‌ನಲ್ಲೂ ಇರಬೇಕು.

ಎಲ್ಲಿ ನಿಲ್ಲಬೇಕು? ಈಜು ಮುಗಿಸಿ ಮೇಲೆ ಬರುವ ಜಾಗದಲ್ಲಿ ಒಬ್ಬರು ಇರಲಿ. ನೀರಿಂದ ಎದ್ದಾಗ ತಲೆ ಗಿರ್ರಂತಿರುತ್ತದೆ, ಪರಿಚಿತ ದನಿ ಕೇಳಿದರೆ ಹೆಜ್ಜೆ ನೆಟ್ಟಗಾಗುತ್ತದೆ. ಸೈಕಲ್ ಹಾದಿಯಲ್ಲಿ ನಿಲ್ಲುವುದರಿಂದ ಜಾಸ್ತಿ ಪ್ರಯೋಜನ ಇಲ್ಲ. ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ ಏಳು ಮೀಟರ್. ಬಂದ ಬಂದ ಅನ್ನುವಷ್ಟರಲ್ಲಿ ಹೋಗಿರುತ್ತಾರೆ. ಹಿರಿಯರು ಆ ಹೊತ್ತಲ್ಲಿ ಚಹಾ ಕುಡಿದು, ಶೌಚಾಲಯಕ್ಕೆ ಹೋಗಿ ಬರಲಿ. ಬಲ ಎಲ್ಲ ಓಟಕ್ಕೆ ಇಟ್ಟುಕೊಳ್ಳಿ. ಓಟ ಒಂದೇ ದಾರಿಯಲ್ಲಿ ಹೋಗಿ ತಿರುಗಿ ಬರುವಂತಿದ್ದರೆ ಒಂದೇ ಜಾಗದಲ್ಲಿ ಎರಡು ಸಲ ಸಿಗುತ್ತೀರಿ. ಎಲ್ಲರೂ ಮುಕ್ತಾಯದ ಕಮಾನಿನ ಹತ್ತಿರವೇ ಗುಂಪು ಸೇರುತ್ತಾರೆ. ನಿಮ್ಮವರು ಅಲ್ಲಿಂದ ಒಂದು ಕಿ.ಮೀ. ಹಿಂದೆ ನಿಲ್ಲಲಿ. ಅಲ್ಲಿ ಚಪ್ಪಾಳೆ ಇರುವುದಿಲ್ಲ, ನೆರಳೂ ಇರುವುದಿಲ್ಲ, ಮನಸ್ಸು ಓಡಿದ್ದು ಸಾಕು, ನಡಿ ಅನ್ನುವುದು ಅಲ್ಲೇ.

ಮನೆಯವರೇ, ಕೂಗುವುದರಲ್ಲೂ ಒಂದು ರೀತಿ ಇದೆ. ಹೆಸರು ಹಿಡಿದು ಕೂಗಿ. "ಹೊಡೀ ತಮ್ಮಾ! ಭಾರಿ ಹೊಂಟಿ, ಬಿಡಬ್ಯಾಡ!" ಅನ್ನುವ ಒಂದು ದನಿ ಗೋವಾದ ರಸ್ತೆಯಲ್ಲಿ ಕೇಳಿದರೆ ನಿಮ್ಮವನಷ್ಟೇ ಅಲ್ಲ, ಹಿಂದೆ ಬರುತ್ತಿರುವ ಯಾವುದೋ ಧಾರವಾಡದ ಹುಡುಗನೂ ತಲೆ ಎತ್ತುತ್ತಾನೆ. ಅವನಿಗೂ ಕೂಗಿ. ಇನ್ನೇನ್ ಬಂತು, ಇನ್ನೇನ್ ಬಂತು ಅಂತ ಸುಳ್ಳು ಹೇಳಬೇಡಿ. ಎರಡು ಕಿ.ಮೀ. ಇರುವವನಿಗೆ ಅದು ನೋವು ಕೊಡುತ್ತದೆ. ಎಷ್ಟು ದೂರ ಉಳಿದಿದೆ ಅಂತ ನಿಖರವಾಗಿ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಹೆಸರು ಸಾಕು.

ನಾನು ನೋಡಿದವರಲ್ಲಿ ಅತ್ಯಂತ ಚೆನ್ನಾಗಿ ನಿಂತವರು ವಾಸ್ಕೋದ ಒಂದು ಮನೆಯವರು. ಮಿಕ್ಸರ್ ಡಬ್ಬಿಯ ರಟ್ಟು ಬಿಡಿಸಿ, ಮಗಳ ಹೆಸರನ್ನು ಒಂದು ಅಡಿ ಎತ್ತರದ ಕನ್ನಡ ಅಕ್ಷರದಲ್ಲಿ ಕೆಂಪು ಬಣ್ಣದಿಂದ ಬರೆದಿದ್ದರು. ಪಕ್ಕದಲ್ಲಿ ಸೋದರಮಾವ ಹೋಳಿ ಹಬ್ಬಕ್ಕೆ ಬಾರಿಸುವ ಹಲಗಿ ಹಿಡಿದಿದ್ದರು. ಸುತ್ತ ಎಲ್ಲ ಇಂಗ್ಲಿಷ್ ಬೋರ್ಡುಗಳು, ಅವುಗಳ ಮಧ್ಯೆ ಆ ಅಕ್ಷರ ದೂರದಿಂದಲೇ ಎದ್ದು ಕಾಣುತ್ತಿತ್ತು. ಆ ಹುಡುಗಿ ಕುಂಟುತ್ತಾ ಬರುತ್ತಿದ್ದವಳು ಹಲಗಿ ದನಿ ಕೇಳಿ ಭುಜ ನೆಟ್ಟಗೆ ಮಾಡಿದಳು, ತಿರುವಿನವರೆಗೂ ನಡೆಯದೆ ಓಡಿದಳು. ಹಲಗಿ ಇಲ್ಲದಿದ್ದರೆ ಸ್ಟೀಲ್ ತಟ್ಟೆ, ಚಮಚ ಸಾಕು. ಸೈಕಲ್ ಹತ್ತುವ ಗೆರೆ ಹತ್ತಿರ ಮಾತ್ರ ಬಾರಿಸಬೇಡಿ, ತಬ್ಬಿಬ್ಬಾಗಿ ಬೀಳುತ್ತಾರೆ.

ಇನ್ನು ಕೈಮುಗಿದು ಹೇಳುವ ಮಾತು: ಸ್ಪರ್ಧೆಯಲ್ಲಿರುವ ನಿಮ್ಮವರ ಕೈಗೆ ಏನೂ ಕೊಡಬೇಡಿ. "ಒಂದ್ ಗುಟುಕು ಕುಡದ್ ಹೋಗೋ" ಅಂತ ಅವ್ವ ಬಾಟಲಿ ಚಾಚುತ್ತಾಳೆ, ಪ್ರೀತಿಯಿಂದಲೇ. ಹೊರಗಿನವರ ಸಹಾಯ ಅಂತ ಅದಕ್ಕೆ ದಂಡ ಬೀಳಬಹುದು, ಸ್ಪರ್ಧೆಯಿಂದ ಹೊರಗೂ ಹಾಕಬಹುದು. ಬಾಳೆಹಣ್ಣು, ನೀರು, ಟೊಪ್ಪಿಗೆ, ಯಾವುದೂ ಬೇಡ. ಪಕ್ಕದಲ್ಲಿ ಜೊತೆಗೆ ಓಡುವುದೂ ಬೇಡ, ಸ್ಕೂಟರ್‌ನಲ್ಲಿ ಹಿಂಬಾಲಿಸುವುದಂತೂ ಬೇಡವೇ ಬೇಡ. ಮಕ್ಕಳನ್ನು ಎತ್ತಿಕೊಂಡು ಮುಕ್ತಾಯದ ಗೆರೆ ದಾಟುವ ಆಸೆ ಅನೇಕರಿಗೆ ಇರುತ್ತದೆ. ಹಲವು ಸ್ಪರ್ಧೆಗಳಲ್ಲಿ ಇದಕ್ಕೂ ಅವಕಾಶ ಇಲ್ಲ, ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಮಗು ಅಲ್ಲೇ ಅಳುತ್ತಾ ನಿಲ್ಲುತ್ತದೆ.

ಮನೆಯವರ ಚೀಲದಲ್ಲಿ ಇರಬೇಕಾದದ್ದು: ಟೊಪ್ಪಿಗೆ, ಕೊಡೆ, ನೀರು, ಮಡಚುವ ಕುರ್ಚಿ, ಮಕ್ಕಳಿಗೆ ತಿಂಡಿ, ಪವರ್ ಬ್ಯಾಂಕ್. ನಿಮಗಾಗಿ ಚಪ್ಪಲಿ, ಒಣ ಬಟ್ಟೆ. ಮಿರಾಮಾರ್ ಆದರೆ ಗಾಳಿಮರದ ನೆರಳಿದೆ, ಅಜ್ಜ ಅಜ್ಜಿಯರನ್ನು ಅಲ್ಲಿ ಕೂರಿಸಬಹುದು. ಸ್ಪರ್ಧೆಯ ದಿನ ಸುತ್ತಲ ರಸ್ತೆ ಮುಚ್ಚುತ್ತಾರೆ. ಆರು ಗಂಟೆಯೊಳಗೆ ಬಂದು, ಗಾಡಿ ದೂರ ನಿಲ್ಲಿಸಿ, ನಡೆದು ಬರಲಿ. ಮುಗಿದ ಮೇಲೆ ಸೇರುವ ಜಾಗ ಒಂದೇ ಇರಬೇಕು. ನಿಮ್ಮ ಹತ್ತಿರ ಮೊಬೈಲ್ ಇರುವುದಿಲ್ಲ, ನೆನಪಿರಲಿ. ಮಿರಾಮಾರ್‌ನಲ್ಲಿ ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಅವರ ಸಮಾಧಿ ಎಲ್ಲರಿಗೂ ಗೊತ್ತಿರುವ ಗುರುತು, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಘಟ್ಟದ ಮೇಲಿಂದ ಬರುವವರಿಗೆ

ಬೆಳಗಾವಿಯಿಂದ ಚೋರ್ಲಾ ಘಟ್ಟ, ಹುಬ್ಬಳ್ಳಿ ಕಡೆಯಿಂದ ಲೋಂಡಾ, ಅನ್ಮೋಡ್ ಮೇಲೆ ರಸ್ತೆ. ರೈಲಾದರೆ ಲೋಂಡಾ, ಕ್ಯಾಸಲ್‌ರಾಕ್, ಕುಳೆ ದಾಟಿ ಮಡಗಾಂವ್, ವಾಸ್ಕೋ. ಸೈಕಲ್ಲನ್ನು ಬಸ್ಸಿನ ಹೊಟ್ಟೆಯಲ್ಲಿ ಹಾಕುವುದಾದರೆ ಚಕ್ರ, ಪೆಡಲ್ ಬಿಚ್ಚಿ, ಹಿಂದಿನ ಗೇರ್ ಜಾಗಕ್ಕೆ ಹಳೆ ಚಾದರ ಸುತ್ತಿ. ಎರಡು ದಿನ ಮೊದಲೇ ತಲುಪಿ. ಬಿಬ್ ನೀವೇ ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳಬೇಕು, ಗೆಳೆಯನ ಕೈಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಹಿಂದಿನ ದಿನವೇ ಸೈಕಲ್ ಒಪ್ಪಿಸುವ ಪದ್ಧತಿ ಅನೇಕ ಕಡೆ ಇದೆ.

ಹಿಂದಿನ ರಾತ್ರಿ, ಆ ಬೆಳಿಗ್ಗೆ

ಗೋವಾಕ್ಕೆ ಬಂದಿದ್ದೇವೆ ಅಂತ ಹಿಂದಿನ ರಾತ್ರಿ ಮೀನು, ಸಿಗಡಿ ಬೇಡ. ಅನ್ನ, ತಿಳಿಸಾರು, ಮೊಸರು. ಎಂಟು ಗಂಟೆಗೆ ಊಟ ಮುಗಿಯಲಿ. ನಿದ್ದೆ ಬರದಿದ್ದರೆ ಚಿಂತೆ ಬೇಡ, ಸುಮ್ನೆ ಮಲಗಿ. ಅದಕ್ಕೂ ಹಿಂದಿನ ರಾತ್ರಿಯ ನಿದ್ದೆ ಮುಖ್ಯ.

ನೀರಿಗಿಳಿಯುವ ಎರಡೂವರೆ, ಮೂರು ಗಂಟೆ ಮೊದಲು ತಿನ್ನಿ. ಅವಲಕ್ಕಿ ಅಥವಾ ಇಡ್ಲಿ, ಒಂದು ಬಾಳೆಹಣ್ಣು. ಸ್ಪರ್ಧೆಯ ದಿನ ಹೊಸದು ಏನೂ ಬೇಡ: ಹೊಸ ಶೂ, ಹೊಸ ಎನರ್ಜಿ ಜೆಲ್, ಹೊಸ ಬಟ್ಟೆ ಯಾವುದೂ ಬೇಡ. ಸೈಕಲ್ ಬಾಟಲಿಯಲ್ಲಿ ಓಆರ್‌ಎಸ್ ಬೆರೆಸಿದ ನೀರು. ಸ್ಪ್ರಿಂಟ್‌ಗೆ ಸೈಕಲ್ ಮೇಲೆ ಒಂದು ಬಾಳೆಹಣ್ಣು ಅಥವಾ ಒಂದು ಜೆಲ್ ಸಾಕು. ಒಲಿಂಪಿಕ್ ದೂರಕ್ಕೆ ಹೋದಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ ಹಿಡಿಯಿರಿ.

ಟ್ರಾನ್ಸಿಷನ್‌ನಲ್ಲಿ ಸಾಮಾನು ಜೋಡಿಸಿದ ಮೇಲೆ ಈಜಿನಿಂದ ಬರುವ ಬಾಗಿಲು, ಸೈಕಲ್ ಹೊರಡುವ ಬಾಗಿಲು, ಓಟದ ಬಾಗಿಲು ಮೂರನ್ನೂ ನಡೆದು ನೋಡಿ. ನಿಮ್ಮ ಸಾಲು ಎಷ್ಟನೆಯದು ಎಣಿಸಿಕೊಳ್ಳಿ. ಪಕ್ಕದ ಸೈಕಲ್ ಗುರುತಿಟ್ಟರೆ ಪ್ರಯೋಜನ ಇಲ್ಲ, ಅವರು ನಿಮಗಿಂತ ಮೊದಲೇ ಹೋಗಿರುತ್ತಾರೆ. ಈಜು ಶುರುವಾಗುವಾಗ ಗುಂಪಿನ ಪಕ್ಕಕ್ಕೆ ಅಥವಾ ಹಿಂದೆ ನಿಂತುಕೊಳ್ಳಿ. ಮಧ್ಯದಲ್ಲಿ ಕೈ ಕಾಲು ಬಡಿಯುತ್ತವೆ.

ಮುಗಿದ ಕೂಡಲೇ

ಗೆರೆ ದಾಟಿದ ತಕ್ಷಣ ಕೂರಬೇಡಿ, ತಲೆ ಸುತ್ತು ಬರಬಹುದು. ಹತ್ತು ನಿಮಿಷ ನಡೆಯುತ್ತಿರಿ. ಉಪ್ಪು ಹಾಕಿದ ಮಜ್ಜಿಗೆ ಮನೆಯವರ ಥರ್ಮಾಸಿನಲ್ಲಿ ಇದ್ದರೆ ಅದಕ್ಕಿಂತ ರುಚಿ ಆ ಹೊತ್ತಲ್ಲಿ ಬೇರೆ ಇಲ್ಲ. ಈಗ ಯಾರು ಏನು ಕೊಟ್ಟರೂ ತೆಗೆದುಕೊಳ್ಳಬಹುದು, ಕುಂದಾ, ಪೇಡೆ ಎಲ್ಲ ನಡೆಯುತ್ತದೆ. ಬೆವರು ಇದ್ದರೂ ಇಲ್ಲದಿದ್ದರೂ ಮೈ ಸುಡುತ್ತಿದ್ದರೆ, ಮಾತು ತೊದಲಿದರೆ ಕಾಯಬೇಡಿ, ಕೂಡಲೇ ವೈದ್ಯಕೀಯ ಡೇರೆಗೆ ಕರೆದೊಯ್ಯಬೇಕು. ಈ ಲಕ್ಷಣ ಮನೆಯವರಿಗೆ ಮೊದಲೇ ಹೇಳಿಡಿ, ಆ ಸ್ಥಿತಿಯಲ್ಲಿ ನಿಮಗೆ ಗೊತ್ತಾಗುವುದಿಲ್ಲ.

ಚಿಪ್ ವಾಪಸ್ ಕೊಡಿ. ಸೈಕಲ್ ತೆಗೆದುಕೊಳ್ಳಲು ಬಿಬ್ ನಂಬರ್ ಹೊಂದಿಸಿ ನೋಡುತ್ತಾರೆ, ಹಾಗಾಗಿ ಬಿಬ್ ಬಿಸಾಡಬೇಡಿ. ಮನೆಗೆ ಹೋದ ಮೇಲೆ ಸೈಕಲ್ಲನ್ನು ಸಿಹಿನೀರಲ್ಲಿ ತೊಳೆದು ಚೈನಿಗೆ ಎಣ್ಣೆ ಹಾಕಿ, ಇಲ್ಲದಿದ್ದರೆ ಉಪ್ಪಿಗೆ ಬೇಗ ತುಕ್ಕು ಹಿಡಿಯುತ್ತದೆ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ನೋಯುತ್ತದೆ. ಎರಡು ಮೂರು ದಿನ ಸಲೀಸಾಗಿ ನಡೆಯಿರಿ. ಒಂದು ವಾರ ಬೆಳಗಿನ ಅಲಾರಂ ತೆಗೆದುಹಾಕಿ. ಆ ವಾರದ ಭಾನುವಾರ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮನೆಯವರು ಆರಿಸಲಿ.